ಪಾರ್ಸೆಲ್ ಮುಟ್ಟಿದ್ದಕ್ಕೆ ಸಾಕ್ಷಿ ಏನು?

ಹಳೆಯ ಕ್ಯಾಮೆರಾ ಲೆನ್ಸ್‌ಗಳನ್ನು ಆನ್‌ಲೈನ್‌ನಲ್ಲಿ ಮಾರಲು ಆರಂಭಿಸಿದ ಎರಡನೆಯ ವರ್ಷ, ಹೊರದೇಶಕ್ಕೆ ಕಳುಹಿಸಿದ್ದ ಒಂದು ಲೆನ್ಸಿನ ಬಗ್ಗೆ ತಕರಾರು ಬಂತು. ಪಾರ್ಸೆಲ್ ತಮಗೆ ಬಂದೇ ಇಲ್ಲವೆಂದು ಖರೀದಿದಾರರು ಹಣಪಾವತಿ ಸಂಸ್ಥೆಗೆ ದೂರು ಕೊಟ್ಟಿದ್ದರು. ಕೊರಿಯರ್‌ನ ಪುಟದಲ್ಲಿ ‘ಡೆಲಿವರ್ಡ್’ ಎಂಬ ಪದ ಕಾಣಿಸಿಕೊಂಡು ಆಗಲೇ ಹನ್ನೊಂದು ದಿನ ಕಳೆದಿತ್ತು. ನಾನು ಆ ಪುಟದ ಸ್ಕ್ರೀನ್‌ಶಾಟ್ ತೆಗೆದು ಕಳುಹಿಸಿ, ವಿಷಯ ಅಲ್ಲಿಗೆ ಮುಗಿಯಿತೆಂದು ನಂಬಿ ನಿಶ್ಚಿಂತನಾಗಿದ್ದೆ. ಎರಡು ವಾರದ ನಂತರ ನಿರ್ಣಯ ನನ್ನ ವಿರುದ್ಧ ಬಂತು. ಹಣವೂ ಹೋಯಿತು, ಲೆನ್ಸೂ ಹೋಯಿತು.

ನನಗೆ ಅನ್ಯಾಯವಾಗಿದೆ ಎಂದು ಬಹಳ ದಿನ ನೊಂದುಕೊಂಡಿದ್ದೆ. ಆಮೇಲೊಂದು ದಿನ ಅದೇ ಸ್ಕ್ರೀನ್‌ಶಾಟನ್ನು, ನನ್ನನ್ನೂ ಖರೀದಿದಾರರನ್ನೂ ಅರಿಯದ ಮೂರನೆಯ ವ್ಯಕ್ತಿಯ ಕಣ್ಣಿನಿಂದ ಓದಿ ನೋಡಿದೆ. ಅದರಲ್ಲಿ ಒಂದು ಸಂಖ್ಯೆ, ಒಂದು ದಿನಾಂಕ, ಒಂದು ದೇಶದ ಹೆಸರು ಇದ್ದವು. ಊರಿನ ಹೆಸರಿರಲಿಲ್ಲ, ಪೋಸ್ಟ್‌ಕೋಡ್ ಇರಲಿಲ್ಲ, ಪಡೆದವರ ಹೆಸರಂತೂ ಇರಲೇ ಇಲ್ಲ. ಆ ದೇಶದ ಯಾವುದೋ ಬಾಗಿಲಲ್ಲಿ ಯಾರಿಗೋ ಏನನ್ನೋ ಕೊಡಲಾಗಿದೆ ಎಂಬುದಷ್ಟೇ ಆ ಚಿತ್ರದಿಂದ ತಿಳಿಯುತ್ತಿತ್ತು. ಅದನ್ನು ನೋಡಿ ತೀರ್ಪು ಕೊಡಬೇಕಾದವರು ಬೇರೇನು ತಾನೇ ಹೇಳಬಲ್ಲರು?

ಇನ್ನಷ್ಟು ಸಂಕಟವಾದದ್ದು ಇನ್ನೂ ತಡವಾಗಿ. ನಾನು ಆರಿಸಿಕೊಂಡಿದ್ದ ಅಗ್ಗದ ಸೇವೆಯು ಪಾರ್ಸೆಲ್‌ಗಳನ್ನು ಒಟ್ಟುಗೂಡಿಸಿ ವಿಮಾನದಲ್ಲಿ ಸಾಗಿಸಿ, ಅಲ್ಲಿ ಇಳಿದ ಮೇಲೆ ಆ ದೇಶದ ಸ್ಥಳೀಯ ವಾಹಕರ ಕೈಗೆ ಒಪ್ಪಿಸುವಂಥದ್ದು. ಹಾಗೆ ಒಪ್ಪಿಸುವಾಗ ಪೊಟ್ಟಣದ ಮೇಲೆ ಹೊಸ ಲೇಬಲ್ ಅಂಟುತ್ತದೆ, ಹೊಸ ಸಂಖ್ಯೆ ಬರುತ್ತದೆ. ಆ ಎರಡನೆಯ ಸಂಖ್ಯೆಯನ್ನು ಸ್ಥಳೀಯ ವಾಹಕರ ಪುಟದಲ್ಲಿ ಹಾಕಿದ್ದರೆ ಊರು, ಪೋಸ್ಟ್‌ಕೋಡ್, ಬಟವಾಡೆಯ ವೇಳೆ ಎಲ್ಲವೂ ಸರಿಯಾಗಿಯೇ ಕಾಣಿಸುತ್ತಿದ್ದವು. ನನಗೆ ಬೇಕಾಗಿದ್ದ ಸಾಕ್ಷ್ಯ ಇತ್ತು. ಅದು ಎಲ್ಲಿದೆ ಎಂಬುದು ನನಗೆ ಗೊತ್ತಿರಲಿಲ್ಲ. ಖರೀದಿದಾರರು ಸುಳ್ಳು ಹೇಳಿದರೆಂದು ನಾನು ಇಂದಿಗೂ ಹೇಳುವುದಿಲ್ಲ. ಬಾಗಿಲಲ್ಲಿ ಇಟ್ಟು ಹೋದದ್ದನ್ನು ಬೇರೆ ಯಾರೋ ಎತ್ತಿಕೊಂಡಿರಲೂಬಹುದು.

ಹೊರದೇಶಕ್ಕೆ ಸರಕು ಕಳುಹಿಸುವ ಪ್ರತಿಯೊಬ್ಬರಿಗೂ ನಾನು ಹೇಳಬಯಸುವುದು ಈ ಅನುಭವದಿಂದ ಹುಟ್ಟಿದ್ದು. ಪಾರ್ಸೆಲ್ ಮುಟ್ಟಿದೆ ಎಂದು ತೋರಿಸಬೇಕಾದರೆ ಮೂರು ಗಂಟುಗಳು ಬಿಗಿಯಾಗಿರಬೇಕು. ಹಣ ಕೊಟ್ಟವರಿಗೂ ವಿಳಾಸಕ್ಕೂ ನಡುವೆ ಒಂದು, ವಿಳಾಸಕ್ಕೂ ಪೊಟ್ಟಣಕ್ಕೂ ನಡುವೆ ಇನ್ನೊಂದು, ಪೊಟ್ಟಣಕ್ಕೂ ಅದನ್ನು ಇಳಿಸಿದ ಬಾಗಿಲಿಗೂ ನಡುವೆ ಮತ್ತೊಂದು. ಮೊದಲ ಎರಡನ್ನು ಹಾಕುವವರು ಮಾರಾಟಗಾರರೇ, ಅದೂ ಪಾರ್ಸೆಲ್ ಕೈಬಿಟ್ಟು ಹೋಗುವ ಮೊದಲು. ಮೂರನೆಯದು ಹೇಗಿರುತ್ತದೆ ಎಂಬುದು ಕೂಡ ನಾವು ಯಾವ ಸೇವೆಗೆ ಹಣ ಕಟ್ಟಿದ್ದೇವೆ ಎಂಬುದರ ಮೇಲೆ ಆ ಹೊತ್ತಿಗೇ ನಿಶ್ಚಯವಾಗಿರುತ್ತದೆ. ತಕರಾರು ಬಂದ ದಿನ ಹೊಸದಾಗಿ ಕಟ್ಟಲು ಸಿಗುವ ಗಂಟು ಯಾವುದೂ ಉಳಿದಿರುವುದಿಲ್ಲ.

ಅಂಚೆಯ ಮೂಲಕ ಕಳುಹಿಸುವವರು ಟ್ರ್ಯಾಕಿಂಗ್ ಸಂಖ್ಯೆಯನ್ನು ಓದಲು ಕಲಿಯಬೇಕು. 1874ರಲ್ಲಿ ಸ್ಥಾಪನೆಯಾಗಿ, ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಕೇಂದ್ರ ಕಚೇರಿಯನ್ನು ಹೊಂದಿರುವ ವಿಶ್ವ ಅಂಚೆ ಒಕ್ಕೂಟದಲ್ಲಿ 192 ಸದಸ್ಯ ರಾಷ್ಟ್ರಗಳಿವೆ. ಅಂತರರಾಷ್ಟ್ರೀಯ ಅಂಚೆಯ ಸಂಖ್ಯೆಗಳಿಗೆ ಅದು ಗೊತ್ತುಪಡಿಸಿದ ಮಾದರಿಯ ಹೆಸರು ಎಸ್10. ಒಟ್ಟು 13 ಸ್ಥಾನಗಳ ಈ ಸಂಖ್ಯೆಯಲ್ಲಿ ಮೊದಲ ಎರಡು ಇಂಗ್ಲಿಷ್ ಅಕ್ಷರಗಳು ಸೇವೆಯ ಬಗೆಯನ್ನು ಸೂಚಿಸುತ್ತವೆ, ಅನಂತರದ 8 ಅಂಕಿಗಳು ಕ್ರಮಸಂಖ್ಯೆ, ಒಂಬತ್ತನೆಯದು ತಾಳೆ ನೋಡುವ ಅಂಕಿ, ಕೊನೆಯ ಎರಡು ಅಕ್ಷರಗಳು ಕಳುಹಿಸಿದ ದೇಶದ ಸಂಕೇತ. ಆ ತಾಳೆ ಅಂಕಿ ಇರುವುದರಿಂದಲೇ, ಸಂಖ್ಯೆಯನ್ನು ಬರೆದುಕೊಳ್ಳುವಾಗ ಒಂದು ಅಂಕಿ ತಪ್ಪಿದರೆ ಯಂತ್ರ ಅದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಮಾರಾಟಗಾರರಿಗೆ ಮುಖ್ಯವಾದದ್ದು ಮೊದಲ ಅಕ್ಷರ. ‘ಆರ್’ ಇದ್ದರೆ ರಿಜಿಸ್ಟರ್ಡ್ ಅಂಚೆ, ‘ಇ’ ಇದ್ದರೆ ಇಎಂಎಸ್ ಎಂಬ ತ್ವರಿತ ಸೇವೆ, ‘ಸಿ’ ಇದ್ದರೆ ಪಾರ್ಸೆಲ್, ‘ವಿ’ ಇದ್ದರೆ ವಿಮೆ ಮಾಡಿದ ಅಂಚೆ. ‘ಯು’ ಇದ್ದರೆ ಮಾತ್ರ ಎಚ್ಚರ ವಹಿಸಬೇಕು. ನನಗೆ ಪರಿಚಿತರಾದ ಮಾರಾಟಗಾರ್ತಿಯೊಬ್ಬರು ಹಲವು ತಿಂಗಳು ‘ಯು’ ಸರಣಿಯ ಲೇಬಲ್‌ಗಳಲ್ಲಿ ಚಿಕ್ಕ ಪೊಟ್ಟಣಗಳನ್ನು ಕಳುಹಿಸುತ್ತಿದ್ದರು. ಬಾರ್‌ಕೋಡ್ ಇದೆ, ಸಂಖ್ಯೆ ಇದೆ, ಆದ್ದರಿಂದ ಟ್ರ್ಯಾಕಿಂಗ್ ಇದ್ದೇ ಇರುತ್ತದೆ ಎಂದು ಅವರು ಸಹಜವಾಗಿಯೇ ಭಾವಿಸಿದ್ದರು. ವಾಸ್ತವದಲ್ಲಿ ಆ ಬಾರ್‌ಕೋಡ್ ಇರುವುದು ಕಸ್ಟಮ್ಸ್ ಘೋಷಣೆಯ ವಿವರವನ್ನು ಪೊಟ್ಟಣಕ್ಕೆ ಹೊಂದಿಸಲು. ಬಟವಾಡೆಯ ಸ್ಕ್ಯಾನ್ ಮಾಡುವ ಹೊಣೆ ಅದರ ಜೊತೆ ಬರುವುದಿಲ್ಲ. ದೇಶದ ಗಡಿ ದಾಟಿದ ನಂತರ ಆ ಸಂಖ್ಯೆ ಸಾಮಾನ್ಯವಾಗಿ ಮೌನವಾಗಿಬಿಡುತ್ತದೆ. ಒಂದು ತಕರಾರು ಬಂದಾಗ ಅವರ ಕೈಯಲ್ಲಿ ಕಳುಹಿಸಿದ ರಸೀದಿಯ ಹೊರತು ಏನೂ ಇರಲಿಲ್ಲ. ಕಳೆದುಕೊಂಡರೂ ತಡೆದುಕೊಳ್ಳಬಹುದಾದ ಬೆಲೆಯ ವಸ್ತುವಿಗೆ ಆ ಸೇವೆ ಸಾಕು, ಅದಕ್ಕಿಂತ ಹೆಚ್ಚಿನದಕ್ಕೆ ಸಲ್ಲದು ಎಂಬುದು ನನ್ನ ಅಭಿಪ್ರಾಯ.

ಪೂರ್ಣ ಟ್ರ್ಯಾಕಿಂಗ್ ಇರುವ ಅಂಚೆಯಲ್ಲಿ ಪ್ರತಿ ಹಂತಕ್ಕೂ ಒಂದು ಸಂಕೇತವಿದೆ. ಕಳುಹಿಸುವವರಿಂದ ಪಡೆದದ್ದು ಇಎಂಎ, ಹೊರಡುವ ದೇಶದ ವಿನಿಮಯ ಕಚೇರಿಯನ್ನು, ಅಂದರೆ ವಿದೇಶಿ ಅಂಚೆಯನ್ನು ಕಳುಹಿಸುವ ಮತ್ತು ಬರಮಾಡಿಕೊಳ್ಳುವ ಕಚೇರಿಯನ್ನು, ಬಿಟ್ಟದ್ದು ಇಎಂಸಿ, ತಲುಪಬೇಕಾದ ದೇಶದ ವಿನಿಮಯ ಕಚೇರಿಗೆ ಬಂದದ್ದು ಇಎಂಡಿ, ಕಸ್ಟಮ್ಸ್‌ನಲ್ಲಿ ನಿಂತದ್ದು ಇಎಂಇ, ಬಟವಾಡೆಗೆ ಹೋಗಿ ಆಗದೆ ಮರಳಿದ್ದು ಇಎಂಎಚ್, ಕೊನೆಯ ಬಟವಾಡೆ ಇಎಂಐ. ಇವುಗಳಲ್ಲಿ ಇಎಂಡಿಯಿಂದ ಮುಂದಿನದೆಲ್ಲವನ್ನೂ ದಾಖಲಿಸುವುದು ತಲುಪುವ ದೇಶದ ಅಂಚೆ. ಅವರು ಕಳುಹಿಸಿದ ಸಂದೇಶವನ್ನು ನಮ್ಮ ಕಡೆಯ ಅಂಚೆ ತನ್ನ ಪುಟದಲ್ಲಿ ತೋರಿಸುತ್ತದೆ, ಅಷ್ಟೆ. ಹಾಗಾಗಿ ಒಂದೇ ಸಂಖ್ಯೆಗೆ ನಮ್ಮ ಪುಟದಲ್ಲಿ ದೇಶದ ಹೆಸರು ಮಾತ್ರ ಕಂಡು, ಆ ದೇಶದ ಅಂಚೆಯ ಪುಟದಲ್ಲಿ ಊರು ಅಥವಾ ಬಟವಾಡೆ ಕಚೇರಿಯ ಹೆಸರೂ ಕಾಣುವುದುಂಟು. ನಾನು ಈಗ ಎರಡೂ ಪುಟಗಳನ್ನು ನೋಡದೆ ಯಾವ ಪಾರ್ಸೆಲನ್ನೂ ಮುಟ್ಟಿದೆ ಎಂದು ಎಣಿಸುವುದಿಲ್ಲ. ಅಲ್ಲಿ ಕಾಣುವ ವೇಳೆ ಆಯಾ ಸ್ಥಳದ ವೇಳೆ ಎಂಬುದನ್ನೂ ನೆನಪಿನಲ್ಲಿಡುತ್ತೇನೆ. ಎರಡು ದೇಶಗಳ ಗಡಿಯಾರಗಳನ್ನು ಬೆರೆಸಿ ಉತ್ತರ ಬರೆದರೆ ದಿನಾಂಕಗಳು ಹಿಂದುಮುಂದಾಗಿ, ಸತ್ಯವಾದ ದಾಖಲೆಯೂ ಅನುಮಾನಕ್ಕೆ ಎಡೆಮಾಡಿಕೊಡುತ್ತದೆ.

ಇನ್ನು ತೀರ್ಪು ಕೊಡುವವರ ವಿಷಯ. ಮುಟ್ಟಿದೆ ಎಂಬುದಕ್ಕೆ ಏನು ಸಾಕು ಎಂಬುದನ್ನು ಪ್ರತಿಯೊಬ್ಬರೂ ತಮ್ಮದೇ ರೀತಿಯಲ್ಲಿ ಗೊತ್ತುಪಡಿಸಿಕೊಂಡಿದ್ದಾರೆ. ಹಣಪಾವತಿ ಸಂಸ್ಥೆಯಾದ ಪೇಪಾಲ್‌ನ ಮಾರಾಟಗಾರ ರಕ್ಷಣೆಯ ನಿಯಮದಲ್ಲಿ, ಬಟವಾಡೆಯ ದಿನಾಂಕದ ಜೊತೆಗೆ ಊರನ್ನೋ ಪೋಸ್ಟ್‌ಕೋಡನ್ನೋ ತೋರಿಸುವ ದಾಖಲೆ ಇರಬೇಕು, ಮತ್ತು ಅದು ವ್ಯವಹಾರದ ವಿವರದಲ್ಲಿ ಇರುವ ವಿಳಾಸಕ್ಕೆ ಹೊಂದಬೇಕು. ಅಮೆರಿಕದ ಡಾಲರ್ ಲೆಕ್ಕದಲ್ಲಿ ಮೊತ್ತ 750 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಸಹಿಯೂ ಬೇಕು. ಆನ್‌ಲೈನ್ ಮಾರಾಟ ವೇದಿಕೆಯಾದ ಈಬೇ ಕೂಡ ಸಹಿಗೆ ಅದೇ ಮೊತ್ತವನ್ನು ಗಡಿಯಾಗಿ ಇಟ್ಟಿದೆ. ಕಾರ್ಡಿನ ಮೂಲಕ ಹಣ ಬಂದಿದ್ದರೆ ಖರೀದಿದಾರರು ತಮ್ಮ ಬ್ಯಾಂಕಿನ ಮೂಲಕ ಚಾರ್ಜ್‌ಬ್ಯಾಕ್, ಅಂದರೆ ಕೊಟ್ಟ ಹಣದ ಮರುಪಾವತಿ, ಕೇಳಬಹುದು. ವೀಸಾ ಎಂಬ ಕಾರ್ಡ್ ಜಾಲದಲ್ಲಿ ‘ಸರಕು ಬಂದಿಲ್ಲ’ ಎಂಬ ಕಾರಣದ ಸಂಕೇತ 13.1. ಅಲ್ಲಿ ಕೇಳುವ ಪ್ರಶ್ನೆ ಇನ್ನೂ ಖಚಿತವಾದದ್ದು: ಕಾರ್ಡ್‌ದಾರರು ಅಥವಾ ಅವರು ಒಪ್ಪಿಗೆ ಕೊಟ್ಟವರು, ಒಪ್ಪಿಕೊಂಡ ಸ್ಥಳದಲ್ಲಿ, ವಸ್ತುವನ್ನು ಪಡೆದರೇ?

ಇವೆಲ್ಲದರ ಮೇಲೆ ಕಾನೂನು ಇದೆ. ಐರೋಪ್ಯ ಒಕ್ಕೂಟದ 2011ರ ಗ್ರಾಹಕ ಹಕ್ಕುಗಳ ನಿರ್ದೇಶನವಾಗಲಿ, ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಾಗಲಿ, ವಸ್ತು ಗ್ರಾಹಕರ ಕೈಸೇರುವವರೆಗೂ ನಷ್ಟದ ಹೊಣೆ ಮಾರಾಟಗಾರರದೇ ಎನ್ನುತ್ತವೆ. ವಾಹಕರನ್ನು ಗ್ರಾಹಕರೇ ತಾವಾಗಿ ಗೊತ್ತುಮಾಡಿದ್ದರೆ ಮಾತ್ರ ಇದು ಬದಲಾಗುತ್ತದೆ. ‘ಕಳುಹಿಸಿದ ಮೇಲೆ ನಮ್ಮ ಜವಾಬ್ದಾರಿ ಇಲ್ಲ’ ಎಂದು ಮಾರಾಟದ ಪುಟದಲ್ಲಿ ಬರೆದುಕೊಂಡವರನ್ನು ನಾನು ಬಹಳ ನೋಡಿದ್ದೇನೆ. ಆ ದೇಶಗಳ ಗ್ರಾಹಕರ ಎದುರು ಆ ವಾಕ್ಯ ನಿಲ್ಲುವುದಿಲ್ಲ.

ಬಟವಾಡೆಯ ಸಾಕ್ಷ್ಯ ಒಂದೇ ಒಂದು ದೂರಿಗೆ ಉತ್ತರ ಎಂಬುದನ್ನೂ ಇಲ್ಲಿ ಹೇಳಬೇಕು. ‘ಬರಲಿಲ್ಲ’ ಎಂದವರಿಗೆ ಅದು ಸಲ್ಲುತ್ತದೆ. ‘ಬಂದದ್ದು ಬೇರೆ ವಸ್ತು’ ಎಂದವರಿಗೆ ಪ್ಯಾಕಿಂಗ್ ಮಾಡುವಾಗ ತೆಗೆದ ಚಿತ್ರಗಳು ಬೇಕು. ‘ಪೆಟ್ಟಿಗೆ ಖಾಲಿ ಇತ್ತು’ ಎಂದವರಿಗೆ ತೂಕ ಬೇಕು. ಕೌಂಟರಿನಲ್ಲಿ ತೂಗಿ ಕೊಡುವ ರಸೀದಿಯಲ್ಲಿ ಗ್ರಾಂ ಲೆಕ್ಕದ ತೂಕ ನಮೂದಾಗಿರುತ್ತದೆ. ಲೆನ್ಸ್, ಪೆಟ್ಟಿಗೆ, ಒಳಗಿನ ಮೆತ್ತೆಗಳನ್ನು ಬೇರೆ ಬೇರೆಯಾಗಿ ಮೊದಲೇ ತೂಗಿ ಬರೆದಿಟ್ಟಿದ್ದರೆ, ಮೂರನೆಯವರು ಬರೆದ ಆ ಒಂದು ಅಂಕಿ ನೂರು ಮಾತುಗಳಿಗಿಂತ ಗಟ್ಟಿಯಾಗಿ ನಿಲ್ಲುತ್ತದೆ. ಪೆಟ್ಟಿಗೆಗೆ ಲೇಬಲ್ ಅಂಟಿಸಿದ ಮೇಲೆ, ವಿಳಾಸವೂ ಸಂಖ್ಯೆಯೂ ಒಟ್ಟಿಗೆ ಕಾಣುವಂತೆ ಒಂದು ಫೋಟೊ ತೆಗೆದುಕೊಳ್ಳುವುದನ್ನು ಮರೆಯಬಾರದು. ನಾನು ಹೇಳಿದ ಎರಡನೆಯ ಗಂಟು ಅದೇ. ಟ್ರ್ಯಾಕಿಂಗ್ ಪುಟಗಳು ಖಾಸಗಿತನದ ಕಾರಣಕ್ಕೆ ಪೂರ್ಣ ವಿಳಾಸವನ್ನು ಸಾಮಾನ್ಯವಾಗಿ ತೋರಿಸುವುದಿಲ್ಲವಾದ್ದರಿಂದ, ಈ ಸಂಖ್ಯೆಯ ಪೊಟ್ಟಣದ ಮೇಲೆ ಇದೇ ವಿಳಾಸವಿತ್ತು ಎಂದು ಹೇಳಬಲ್ಲ ದಾಖಲೆ ನಮ್ಮ ಬಳಿಯೇ ಇರಬೇಕಾಗುತ್ತದೆ.

ಸಹಿ ಇದ್ದರೆ ಎಲ್ಲವೂ ಸರಿ ಎಂಬ ನಂಬಿಕೆ ನನಗೂ ಇತ್ತು. 2020ರಲ್ಲಿ ಕೋವಿಡ್ ಹರಡಿದಾಗ ಮುಟ್ಟದೆ ಬಟವಾಡೆ ಮಾಡುವ ಪದ್ಧತಿ ಬಂದು, ಅನೇಕ ವಾಹಕರು ಸಹಿ ಪಡೆಯುವುದನ್ನೇ ನಿಲ್ಲಿಸಿದರು. ಎಷ್ಟೋ ಕಡೆ ಸಹಿಯ ಜಾಗದಲ್ಲಿ ಬಟವಾಡೆ ಮಾಡಿದವರೇ ಬರೆದ ಟಿಪ್ಪಣಿಯೋ ಬಾಗಿಲ ಮುಂದಿನ ಪೆಟ್ಟಿಗೆಯ ಫೋಟೊವೋ ಬಂದು ಕುಳಿತಿತು. ರಿಜಿಸ್ಟರ್ಡ್ ಅಂಚೆಯ ಅಂತರರಾಷ್ಟ್ರೀಯ ನಿಯಮವೂ ಸಹಿಯನ್ನು ಅಥವಾ ಸ್ವೀಕೃತಿಯ ಬೇರೊಂದು ಬಗೆಯ ಪುರಾವೆಯನ್ನು ಪಡೆಯಬಹುದೆನ್ನುತ್ತದೆ. ಮನೆಯ ಸಂಖ್ಯೆ ಕಾಣುವ ಫೋಟೊ ಒಳ್ಳೆಯ ಸಾಕ್ಷ್ಯ. ಬರಿಯ ಒಂದು ಮೆಟ್ಟಿಲು ಮತ್ತು ಪೆಟ್ಟಿಗೆಯ ಮೂಲೆ ಕಾಣುವ ಫೋಟೊ ಯಾರ ಮನೆಯದಾದರೂ ಆಗಬಹುದು. ಹೀಗಿರುವಾಗ, ಬೆಲೆಬಾಳುವ ವಸ್ತುವನ್ನು ಬುಕ್ ಮಾಡುವ ಮೊದಲು ‘ಸಹಿ ಇದೆಯೇ’ ಎಂದು ಕೇಳಿದರೆ ಸಾಲದು. ಆ ಸಹಿಯ ಪ್ರತಿ ಕಳುಹಿಸಿದವರಿಗೆ ಸಿಗುತ್ತದೆಯೇ, ಎಷ್ಟು ದಿನದವರೆಗೆ ಸಿಗುತ್ತದೆ ಎಂದು ಕೇಳಬೇಕು. ಮೊದಲ ಪ್ರಶ್ನೆಗೆ ಹೌದು ಎಂದವರೇ ಎರಡನೆಯದಕ್ಕೆ ತಡವರಿಸಿದ್ದನ್ನು ನಾನು ಕಂಡಿದ್ದೇನೆ.

ವಿಳಾಸ ಎಂಬುದು ಮೊದಲ ಗಂಟು, ಮತ್ತು ಸದ್ದಿಲ್ಲದೆ ಸಡಿಲವಾಗುವ ಗಂಟೂ ಅದೇ. ಹಣ ಬಂದ ಮೇಲೆ ಖರೀದಿದಾರರಿಂದ ಒಂದು ಸೌಜನ್ಯದ ಸಂದೇಶ ಬರುತ್ತದೆ: ಮನೆಯಲ್ಲಿ ಯಾರೂ ಇರುವುದಿಲ್ಲ, ದಯವಿಟ್ಟು ಕಚೇರಿಯ ವಿಳಾಸಕ್ಕೆ ಕಳುಹಿಸಿ. ಕೇಳಿದವರಲ್ಲಿ ಬಹುಪಾಲು ಜನ ಪ್ರಾಮಾಣಿಕರು. ಆದರೂ ವ್ಯವಹಾರದ ದಾಖಲೆಯಲ್ಲಿರುವ ವಿಳಾಸ ಬಿಟ್ಟು ಬೇರೆ ಕಡೆಗೆ ಕಳುಹಿಸಿದ ಕ್ಷಣದಲ್ಲೇ ವೇದಿಕೆಯ ರಕ್ಷಣೆ ನಮ್ಮ ಕೈತಪ್ಪುತ್ತದೆ. ಅಂಥ ಸಂದರ್ಭದಲ್ಲಿ ನಾನು ಹಣ ಹಿಂತಿರುಗಿಸಿ, ಹೊಸ ವಿಳಾಸದೊಂದಿಗೆ ಮತ್ತೆ ಖರೀದಿಸುವಂತೆ ವಿನಂತಿಸುತ್ತೇನೆ. ಬೇಸರಪಟ್ಟವರು ಒಬ್ಬಿಬ್ಬರು, ಅರ್ಥಮಾಡಿಕೊಂಡವರೇ ಹೆಚ್ಚು. ಪಾರ್ಸೆಲನ್ನು ಪಡೆದು ಬೇರೆ ದೇಶಕ್ಕೆ ಮತ್ತೆ ಕಳುಹಿಸಿಕೊಡುವ ಮರುರವಾನೆ ಸಂಸ್ಥೆಯ ವಿಳಾಸ ಕೊಟ್ಟವರ ವಿಷಯದಲ್ಲಿ, ನಮ್ಮ ಸಾಕ್ಷ್ಯ ಆ ಗೋದಾಮಿನ ಬಾಗಿಲಿಗೆ ನಿಲ್ಲುತ್ತದೆ ಎಂಬುದನ್ನು ಮೊದಲೇ ಬರೆದು ತಿಳಿಸುವುದು ಇಬ್ಬರಿಗೂ ಕ್ಷೇಮ.

ವಿಳಾಸದ ರೂಪವೂ ಎಲ್ಲ ಕಡೆ ಒಂದೇ ಅಲ್ಲ. ಹಾಂಗ್‌ಕಾಂಗ್‌ನಲ್ಲಿಯೂ ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿಯೂ ಪೋಸ್ಟ್‌ಕೋಡ್ ಪದ್ಧತಿಯೇ ಇಲ್ಲ. ಐರ್ಲೆಂಡಿನಲ್ಲಿ ದೇಶವ್ಯಾಪಿ ಪೋಸ್ಟ್‌ಕೋಡ್ ಬಂದದ್ದು 2015ರಲ್ಲಿ, ಅಲ್ಲಿ ಪ್ರತಿ ವಿಳಾಸಕ್ಕೂ ಪ್ರತ್ಯೇಕವಾದ ಸಂಕೇತವಿದೆ. ಪೋಸ್ಟ್‌ಕೋಡ್ ಇಲ್ಲದ ಕಡೆ ಊರಿನ ಹೆಸರಿಗಿಂತ ನಿಖರವಾದದ್ದು ದಾಖಲೆಯಲ್ಲಿ ಸಿಗುವುದು ಕಷ್ಟವಾದ್ದರಿಂದ, ಅಲ್ಲಿಗೆ ಹೋಗುವ ಪಾರ್ಸೆಲ್‌ಗಳಿಗೆ ಪಡೆದವರ ಹೆಸರನ್ನು ದಾಖಲಿಸುವ ಸೇವೆಯನ್ನೇ ನಾನು ಆರಿಸುತ್ತೇನೆ. ಫೋನ್ ಸಂಖ್ಯೆ ಬರೆಯದೆ ಕಳುಹಿಸುವುದಂತೂ ಇಲ್ಲವೇ ಇಲ್ಲ.

ಈ ಕೆಲಸದಲ್ಲಿ ಅತ್ಯಂತ ಕ್ಲೇಶ ಕೊಡುವುದು ಕಾಲದ ಲೆಕ್ಕ. ಅಂಚೆ ವಸ್ತು ಎಲ್ಲಿದೆ ಎಂದು ವಿಚಾರಿಸಲು ಸಿಎನ್ 08 ಎಂಬ ನಮೂನೆ ಇದೆ. ಅಂಚೆಗೆ ಹಾಕಿದ ಮರುದಿನದಿಂದ ಆರು ತಿಂಗಳೊಳಗೆ ಅದನ್ನು ಸಲ್ಲಿಸಬಹುದು. ಅದು ಒಂದು ದೇಶದ ಅಂಚೆಯಿಂದ ಇನ್ನೊಂದಕ್ಕೆ ಹೋಗಿ ಉತ್ತರ ಬರಲು ವಾರಗಳೇ ಹಿಡಿಯುತ್ತವೆ. ಪೇಪಾಲ್ ದೂರಿಗೆ ಉತ್ತರಿಸಲು ಮಾರಾಟಗಾರರಿಗೆ ಇರುವುದು 10 ದಿನ, ಈಬೇಯಲ್ಲಿ 3 ಕೆಲಸದ ದಿನ. ತಕರಾರು ಬಂದ ಮೇಲೆ ಅಂಚೆಗೆ ವಿಚಾರಣೆ ಸಲ್ಲಿಸಿದರೆ, ಉತ್ತರ ಬರುವಷ್ಟರಲ್ಲಿ ತೀರ್ಪು ಬಂದಾಗಿರುತ್ತದೆ. ಇನ್ನೊಂದು ಕಡೆ, ಪೇಪಾಲ್‌ನಲ್ಲಿ ಹಣ ಕೊಟ್ಟ ದಿನದಿಂದ 180 ದಿನಗಳವರೆಗೆ ದೂರು ಕೊಡಬಹುದು. ವೀಸಾದಲ್ಲಿ ವಸ್ತು ಬರಬೇಕಾಗಿದ್ದ ದಿನದಿಂದ ಸಾಮಾನ್ಯವಾಗಿ 120 ದಿನ. ಅಷ್ಟು ಹೊತ್ತಿಗೆ ಅನೇಕ ವಾಹಕರ ಪುಟಗಳಲ್ಲಿ ಹಳೆಯ ಸಂಖ್ಯೆಯ ವಿವರ ಅಳಿಸಿಹೋಗಿರುತ್ತದೆ. ಹೀಗೆ ಉತ್ತರಿಸಲು ಬೆರಳೆಣಿಕೆಯ ದಿನಗಳು, ಪ್ರಶ್ನೆ ಬರುವುದಕ್ಕೆ ಅರ್ಧ ವರ್ಷ.

ಇದಕ್ಕೆ ನಾನು ಕಂಡುಕೊಂಡ ದಾರಿ ಬಹಳ ಸರಳವಾದದ್ದು. ‘ಡೆಲಿವರ್ಡ್’ ಎಂದು ಕಂಡ ದಿನವೇ, ಎರಡೂ ದೇಶಗಳ ಪುಟಗಳನ್ನು ವೆಬ್ ವಿಳಾಸವೂ ದಿನಾಂಕವೂ ಕಾಣುವಂತೆ ಪಿಡಿಎಫ್ ಆಗಿ ಉಳಿಸುತ್ತೇನೆ. ಕೊರಿಯರ್ ಆಗಿದ್ದರೆ ಬಟವಾಡೆ ಪ್ರಮಾಣಪತ್ರವನ್ನು ಅಂದೇ ಇಳಿಸಿಕೊಳ್ಳುತ್ತೇನೆ, ಸಂಖ್ಯೆ ಬದಲಾಗಿದ್ದರೆ ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ತೋರಿಸುವ ಪತ್ರವನ್ನು ಅವರಿಂದ ಕೇಳಿ ಪಡೆಯುತ್ತೇನೆ. ಲೇಬಲ್ಲಿನ ಫೋಟೊ, ತೂಕದ ರಸೀದಿ, ಸಿಎನ್ 22 ಅಥವಾ ಸಿಎನ್ 23 ಕಸ್ಟಮ್ಸ್ ಘೋಷಣೆಯ ಪ್ರತಿ, ಖರೀದಿದಾರರೊಂದಿಗೆ ನಡೆದ ಸಂಭಾಷಣೆ ಎಲ್ಲವೂ ಆ ಆರ್ಡರಿನ ಹೆಸರಿನ ಒಂದೇ ಫೋಲ್ಡರಿನಲ್ಲಿ ಇರುತ್ತವೆ. ಟ್ರ್ಯಾಕಿಂಗ್ ಹತ್ತು ದಿನ ಕದಲದಿದ್ದರೆ, ಯಾರೂ ದೂರದಿದ್ದರೂ ಅಂಚೆಗೆ ವಿಚಾರಣೆ ಸಲ್ಲಿಸಿಬಿಡುತ್ತೇನೆ.

ಕಳೆದ ವರ್ಷ ಮತ್ತೊಬ್ಬ ಖರೀದಿದಾರರು, ವಯಸ್ಸಾದ ಮಹಿಳೆ, ಪಾರ್ಸೆಲ್ ಬಂದಿಲ್ಲವೆಂದು ಬರೆದರು. ನನ್ನ ಫೋಲ್ಡರಿನಲ್ಲಿ ಎಲ್ಲವೂ ಇತ್ತು: ಊರು, ಪೋಸ್ಟ್‌ಕೋಡ್, ಸಹಿ, ವೇಳೆ. ತಕರಾರು ನಡೆದಿದ್ದರೆ ನಾನು ಗೆಲ್ಲುತ್ತಿದ್ದೆ. ಆದರೆ ಸಹಿಯ ಕೆಳಗೆ ಇದ್ದ ಹೆಸರು ಅವರದಾಗಿರಲಿಲ್ಲ. ಕೆಲವು ದೇಶಗಳಲ್ಲಿ ಮನೆಯಲ್ಲಿ ಯಾರೂ ಇಲ್ಲದಿದ್ದರೆ ಪಕ್ಕದ ಮನೆಗೆ ಕೊಟ್ಟು ಹೋಗುವುದು ವಾಡಿಕೆ. ಜರ್ಮನಿಯಲ್ಲಿ ಅದು ಸಾಮಾನ್ಯ. ಆ ಹೆಸರನ್ನೂ ಬಟವಾಡೆಯ ವೇಳೆಯನ್ನೂ ಅವರಿಗೆ ಬರೆದು ಕಳುಹಿಸಿ, ನೆರೆಹೊರೆಯಲ್ಲಿ ಇಂಥವರು ಇದ್ದಾರೆಯೇ ಎಂದು ಕೇಳಿದೆ. ಸಂಜೆಯ ಹೊತ್ತಿಗೆ ಉತ್ತರ ಬಂತು. ಮೂರನೆಯ ಮಹಡಿಯವರು ಪೆಟ್ಟಿಗೆಯನ್ನು ಪಡೆದು, ಚೀಟಿ ಹಾಕಲು ಮರೆತು, ಊರಿಗೆ ಹೋಗಿದ್ದರಂತೆ. ಲೆನ್ಸ್ ಅವರ ಕೈಸೇರಿತು.

ಅಂದಿನಿಂದ ನಾನು, ಪುಟದಲ್ಲಿ ‘ಡೆಲಿವರ್ಡ್’ ಎಂದು ಕಂಡ ದಿನವೇ ಪ್ರತಿಯೊಬ್ಬ ಖರೀದಿದಾರರಿಗೂ ವೇದಿಕೆಯ ಸಂದೇಶ ಪೆಟ್ಟಿಗೆಯಲ್ಲೇ ಎರಡು ಸಾಲು ಬರೆಯುತ್ತೇನೆ: ‘ನಿಮ್ಮ ಪಾರ್ಸೆಲನ್ನು ಇಂದು ಇಂಥವರು ಪಡೆದಿದ್ದಾರೆಂದು ದಾಖಲಾಗಿದೆ. ಲೆನ್ಸ್ ಸುಸ್ಥಿತಿಯಲ್ಲಿ ನಿಮಗೆ ಸಿಕ್ಕಿದೆಯೇ?’ ‘ಸಿಕ್ಕಿತು, ಚೆನ್ನಾಗಿದೆ’ ಎಂದು ಅವರೇ ಬರೆದ ಉತ್ತರವನ್ನು ಆ ಆರ್ಡರಿನ ಫೋಲ್ಡರಿಗೆ ಕೊನೆಯದಾಗಿ ಸೇರಿಸುತ್ತೇನೆ. ಉತ್ತರ ಬಾರದಿದ್ದವರ ಪಟ್ಟಿ ಬೇರೆ ಇದೆ. ಅದರಲ್ಲಿರುವ ಹೆಸರುಗಳಿಗೆ ವಾರ ಬಿಟ್ಟು ಮತ್ತೊಮ್ಮೆ ಬರೆಯುತ್ತೇನೆ.